ಕೋಣೆಯೊಳಗೆ ಸೊಪ್ಪು ಬೆಳೆಯಲು ಎಲ್‌ಇಡಿ: ಕರೆಂಟ್ ಎಷ್ಟು ಉಳಿಯುತ್ತದೆ, ಹೊಗೆ ಎಷ್ಟು ಕಡಿಮೆಯಾಗುತ್ತದೆ?

ಪ್ರಶ್ನೆ: ಬೆಂಗಳೂರಿನಲ್ಲಿ ಮನೆಯ ಎರಡನೇ ಮಹಡಿಯ 10×12 ಅಡಿ ಕೋಣೆಯಲ್ಲಿ ಹೋಟೆಲುಗಳಿಗಾಗಿ ಲೆಟಿಸ್, ಬೇಸಿಲ್, ಮೈಕ್ರೋಗ್ರೀನ್ಸ್ (ಮೊಳೆತ ಕೆಲವೇ ದಿನಕ್ಕೆ ಕೊಯ್ಯುವ ಎಳೆ ಸೊಪ್ಪು) ಬೆಳೆಯುತ್ತಿದ್ದೇವೆ. ಮೂರು ರ‍್ಯಾಕ್, ಒಂದೊಂದರಲ್ಲಿ ನಾಲ್ಕು ಅಂತಸ್ತು, ಪ್ರತಿ ಅಂತಸ್ತು 4×2 ಅಡಿ. ಏಳು ಅಂತಸ್ತಿನಲ್ಲಿ ಲೆಟಿಸ್ ಮತ್ತು ಬೇಸಿಲ್, ಉಳಿದ ಐದರಲ್ಲಿ ಮೈಕ್ರೋಗ್ರೀನ್ಸ್ ಮತ್ತು ಸಸಿಗಳು. ಪ್ರತಿ ಅಂತಸ್ತಿಗೂ ಚೋಕ್ ಇರುವ 36 ವ್ಯಾಟ್ ಟ್ಯೂಬ್‌ಲೈಟ್ ನಾಲ್ಕು, ದಿನಕ್ಕೆ 16 ಗಂಟೆ ಉರಿಯುತ್ತವೆ. ಎಸಿಯೂ ಇದೆ. ಎಲ್‌ಇಡಿ ಗ್ರೋ ಲೈಟ್ ಮಾರುವವರು "ಶೇ. 80 ಕರೆಂಟ್ ಉಳಿಯುತ್ತೆ, ಶೇ. 90 ನೀರು ಉಳಿಯುತ್ತೆ, ತಾರಸಿ ಮೇಲೆ ಸೋಲಾರ್ ಹಾಕಿಸಿದರೆ ಪರಿಸರಕ್ಕೆ ಒಂಚೂರೂ ಹೊರೆಯಿಲ್ಲ" ಎನ್ನುತ್ತಾರೆ. ಇದು ಎಷ್ಟು ನಿಜ? ಕೊಳ್ಳುವುದಾದರೆ ಏನು ನೋಡಬೇಕು?

ಉತ್ತರ: ಟ್ಯೂಬ್‌ಲೈಟ್ ತೆಗೆಸಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹನ್ನೆರಡೂ ಅಂತಸ್ತಿಗೆ ಎಲ್‌ಇಡಿ ಹಾಕಿಸುವ ಮೊದಲು, ಅಷ್ಟೂ ಗಿಡಗಳಿಗೆ ದೀಪ ಬೇಕೇ ಎಂದು ನೋಡಿ. ಪರಿಸರದ ದೃಷ್ಟಿಯಿಂದ ದೊಡ್ಡ ಉಳಿತಾಯ ಇರುವುದು ಅಲ್ಲೇ. ನೀರಿನ ಮಾತನ್ನು ಮೊದಲೇ ಬದಿಗಿಡೋಣ. ನೀರು ಉಳಿಯುವುದು ಹೈಡ್ರೋಪೋನಿಕ್ಸ್‌ನಲ್ಲಿ, ಅಂದರೆ ಮಣ್ಣಿಲ್ಲದೆ ಗೊಬ್ಬರದ ದ್ರಾವಣದಲ್ಲಿ ಬೆಳೆಯುವಾಗ, ಅದೇ ನೀರನ್ನು ಮತ್ತೆ ಮತ್ತೆ ಹರಿಸುವುದರಿಂದ, ದೀಪದಿಂದಲ್ಲ. ಅದೇ ಪೈಪು, ಅದೇ ತೊಟ್ಟಿಯನ್ನು ಬಿಸಿಲಲ್ಲಿ ಇಟ್ಟರೂ ಮಣ್ಣಿನ ಬೇಸಾಯಕ್ಕಿಂತ ನೀರು ಬಹಳ ಕಡಿಮೆಯೇ ಸಾಕು.

ಈಗಿನ ಖರ್ಚು ನೋಡಿ. 36 ವ್ಯಾಟ್ ಎಂದು ಬರೆದಿದ್ದರೂ ತಾಮ್ರದ ಚೋಕ್ ಸೇರಿ ಒಂದು ಟ್ಯೂಬ್ ಎಳೆಯುವುದು ಸುಮಾರು 47 ವ್ಯಾಟ್. ಹೀಗೆ 48 ಟ್ಯೂಬಿಗೆ 2,256 ವ್ಯಾಟ್. 16 ಗಂಟೆಗೆ 36 ಯೂನಿಟ್, ತಿಂಗಳಿಗೆ ಹತ್ತಿರಹತ್ತಿರ 1,080 ಯೂನಿಟ್. ಇದು ಬರೀ ಬೆಳಕಿನ ಲೆಕ್ಕ.

ಇಷ್ಟು ಕರೆಂಟಿಗೆ ಗಿಡಕ್ಕೆ ಸಿಗುವುದೇನು? ಲ್ಯೂಮೆನ್, ಲಕ್ಸ್ ಎಲ್ಲ ನಮ್ಮ ಕಣ್ಣಿಗೆಂದು ಮಾಡಿದ ಅಳತೆಗಳು. ಎಲೆಗೆ ಲೆಕ್ಕಕ್ಕೆ ಬರುವುದು 400ರಿಂದ 700 ನ್ಯಾನೋಮೀಟರ್ ನಡುವಿನ ಫೋಟಾನುಗಳ (ಬೆಳಕಿನ ಕಣಗಳ) ಸಂಖ್ಯೆ. ಅದನ್ನು ಮೈಕ್ರೋಮೋಲ್‌ಗಳಲ್ಲಿ ಎಣಿಸುತ್ತಾರೆ, ಹತ್ತು ಲಕ್ಷ ಮೈಕ್ರೋಮೋಲ್ ಸೇರಿದರೆ ಒಂದು ಮೋಲ್. ದೀಪದ ದಕ್ಷತೆ ಎಂದರೆ ಒಂದು ಜೌಲ್ ವಿದ್ಯುತ್ತಿಗೆ (ಒಂದು ವ್ಯಾಟ್ ಒಂದು ಸೆಕೆಂಡಿನಲ್ಲಿ ಎಳೆಯುವಷ್ಟು) ಎಷ್ಟು ಮೈಕ್ರೋಮೋಲ್ ಬೆಳಕು ಬರುತ್ತದೆ ಎಂಬುದು. ಚೋಕ್ ಸಮೇತ ಹೊಸ ಟ್ಯೂಬಿಗೆ ಈ ಅಂಕಿ 0.9ರ ಆಸುಪಾಸು. ಟ್ಯೂಬು ಸುತ್ತಲೂ ಬೆಳಕು ಚೆಲ್ಲುವುದರಿಂದ ಅದರಲ್ಲಿ ಶೇ. 60ರಷ್ಟು ಮಾತ್ರ ಎಲೆಯ ಮೇಲೆ ಬಿದ್ದೀತು, ಉಳಿದದ್ದು ಮೇಲಿನ ತಟ್ಟೆಗೂ ಗೋಡೆಗೂ ಹೋಗುತ್ತದೆ. ನಿಮ್ಮ ಒಂದು ಅಂತಸ್ತು 0.74 ಚದರ ಮೀಟರ್. ಅಲ್ಲಿ ನಾಲ್ಕು ಹೊಸ ಟ್ಯೂಬ್ ಇದ್ದರೆ ಗಿಡದ ಎತ್ತರದಲ್ಲಿ ಚದರ ಮೀಟರಿಗೆ ಸೆಕೆಂಡಿಗೆ 135–140 ಮೈಕ್ರೋಮೋಲ್ ಸಿಗುತ್ತದೆ, ಹಳೆಯದಾದರೆ ಅದಕ್ಕಿಂತ ಕಡಿಮೆ. 16 ಗಂಟೆಗೆ ಒಟ್ಟು ಸುಮಾರು 8 ಮೋಲ್. ಮೈಕ್ರೋಗ್ರೀನ್ಸ್‌ಗೆ ಇಷ್ಟು ಸಾಕು. ಲೆಟಿಸ್‌ಗೆ ದಿನಕ್ಕೆ 12ರಿಂದ 15 ಮೋಲ್ ಬೇಕು. ನಿಮ್ಮ ಲೆಟಿಸ್ ಉದ್ದುದ್ದ ಬೆಳೆದು, ಎಲೆ ತೆಳ್ಳಗಾಗಿ, ಕೊಯ್ಲಿಗೆ 35 ದಿನ ದಾಟುತ್ತಿದ್ದರೆ ಕಾರಣ ಇದೇ, ಗೊಬ್ಬರದ ದ್ರಾವಣವಲ್ಲ.

ಬಿಳಿ ಬೆಳಕಿನ ಜೊತೆಗೆ 660 ನ್ಯಾನೋಮೀಟರಿನ ಕೆಂಪು ಬೆರೆತ ಒಳ್ಳೆಯ ಎಲ್‌ಇಡಿ ಪಟ್ಟಿಗಳು ಇಂದು ಜೌಲಿಗೆ 2.5ರಿಂದ 3 ಮೈಕ್ರೋಮೋಲ್ ಕೊಡುತ್ತವೆ, ಬೆಳಕೆಲ್ಲ ಕೆಳಮುಖವಾಗಿಯೇ ಬೀಳುತ್ತದೆ. 2.6 ಎಂದೇ ಹಿಡಿಯೋಣ. ಲೆಟಿಸ್‌ಗೆ ಚದರ ಮೀಟರಿಗೆ ಸೆಕೆಂಡಿಗೆ 200 ಮೈಕ್ರೋಮೋಲ್ (ದಿನಕ್ಕೆ 12 ಮೋಲ್ ಹತ್ತಿರ) ಬೇಕೆಂದರೆ, ಅಂಚಿನಿಂದ ಶೇ. 15ರಷ್ಟು ಹೊರಗೆ ಚೆಲ್ಲಿದರೂ ಒಂದು ಅಂತಸ್ತಿಗೆ 67 ವ್ಯಾಟ್ ಸಾಕು. ಈಗ 188 ವ್ಯಾಟ್ ಸುಟ್ಟು ಅದಕ್ಕಿಂತ ಕಡಿಮೆ ಬೆಳಕು ಪಡೆಯುತ್ತಿದ್ದೀರಿ. ಹನ್ನೆರಡು ಅಂತಸ್ತಿಗೂ ಇಷ್ಟೇ ಹಾಕಿದರೆ ದಿನಕ್ಕೆ 12.9 ಯೂನಿಟ್, ತಿಂಗಳಿಗೆ 386. ಉಳಿತಾಯ ಸುಮಾರು 700 ಯೂನಿಟ್, ಅಂದರೆ ಶೇ. 64. ಯೂನಿಟ್‌ಗೆ ₹8 ಎಂದಿಟ್ಟುಕೊಂಡರೂ ತಿಂಗಳಿಗೆ ₹5,500 ಮೀರುತ್ತದೆ. ಶೇ. 80 ಬರುವುದು ಹಳೆಯ ಕಾಯುವ ತಂತಿಯ ಬಲ್ಬಿನ ಜೊತೆ ಹೋಲಿಸಿದಾಗ, ಟ್ಯೂಬಿನ ಜೊತೆ ಅಲ್ಲ.

ಹೊಗೆಯ ಲೆಕ್ಕಕ್ಕೆ ಕೇಂದ್ರ ವಿದ್ಯುತ್ ಪ್ರಾಧಿಕಾರದ ಅಂಕಿ ಇದೆ. ದೇಶದ ಗ್ರಿಡ್‌ನಲ್ಲಿ ಒಂದು ಯೂನಿಟ್ ತಯಾರಾಗಲು ಸರಾಸರಿ 0.7 ಕೆಜಿಗಿಂತ ತುಸು ಹೆಚ್ಚು ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಶರಾವತಿಯ ಜಲವಿದ್ಯುತ್ತು, ಚಿತ್ರದುರ್ಗ–ಗದಗಿನ ಗಾಳಿಯಂತ್ರಗಳು, ಪಾವಗಡದ 2,050 ಮೆಗಾವ್ಯಾಟ್ ಸೋಲಾರ್ ಎಲ್ಲ ಇರುವ ನಮ್ಮ ರಾಜ್ಯದಲ್ಲಿ ಇದು ಕಡಿಮೆ ಇರಬೇಕಲ್ಲವೇ ಎಂದು ಕೇಳಬಹುದು. 2013ರ ಕೊನೆಯಲ್ಲಿ ದಕ್ಷಿಣದ ಜಾಲ ದೇಶದ ಜಾಲಕ್ಕೆ ಸೇರಿದ ಮೇಲೆ ಇಲ್ಲಿ ಉಳಿದ ವಿದ್ಯುತ್ತು ಬೇರೆಡೆ ಹೋಗಿ ಅಲ್ಲಿನ ಕಲ್ಲಿದ್ದಲನ್ನು ಉಳಿಸುತ್ತದೆ, ಹಾಗಾಗಿ ದೇಶದ ಸರಾಸರಿ ಹಿಡಿಯುವುದೇ ಸರಿ. ತಿಂಗಳಿಗೆ 700 ಯೂನಿಟ್ ಉಳಿದರೆ 490 ಕೆಜಿ, ವರ್ಷಕ್ಕೆ ಆರು ಟನ್ ಹತ್ತಿರ.

ಇದಕ್ಕೆ ಎಸಿಯ ಪಾಲು ಸೇರಿಸಿ. ಬೆಳಕಿನಲ್ಲಿ ಗಿಡ ಸೊಪ್ಪಾಗಿ ಕೂಡಿಡುವುದು ನೂರಕ್ಕೆ ಒಂದೆರಡು ಪಾಲು. ಉಳಿದದ್ದೆಲ್ಲ ಕೊನೆಗೆ ಕೋಣೆಯ ಶಾಖವೇ. 2,256 ವ್ಯಾಟ್ ಟ್ಯೂಬ್ ಉರಿಸುವುದೆಂದರೆ ಅಷ್ಟೇ ವ್ಯಾಟಿನ ಹೀಟರ್ ಇಟ್ಟಂತೆ, ಅದನ್ನು ಹೊರಹಾಕುವುದಕ್ಕೇ 0.64 ಟನ್ ಎಸಿ ದುಡಿಯಬೇಕು. ಎಲ್‌ಇಡಿಗೆ 0.23 ಟನ್ ಸಾಕು. ಸಾಧಾರಣ ಎಸಿ ಮೂರು ಯೂನಿಟ್ ಶಾಖ ಹೊರಹಾಕಲು ಒಂದು ಯೂನಿಟ್ ತಿನ್ನುತ್ತದೆ. ಎಸಿ ಓಡುವ ತಿಂಗಳುಗಳಲ್ಲಿ ಇನ್ನೂ 200–230 ಯೂನಿಟ್ ಉಳಿಯುತ್ತದೆ. ಇದನ್ನು ಮಾರುವವರು ಹೇಳುವುದೇ ಇಲ್ಲ. ಅವರ ಪರವಾಗಿರುವ ಅತ್ಯಂತ ಗಟ್ಟಿ ಅಂಕಿ ಇದೇ ಎಂಬುದು ತಮಾಷೆ.

ಕೊಳ್ಳುವಾಗ ಪೆಟ್ಟಿಗೆಯ ಮೇಲಿನ "1000 ವ್ಯಾಟ್" ನಂಬಬೇಡಿ. ಆನ್‌ಲೈನಿನಲ್ಲಿ ಸಿಗುವ ಇಂಥ ದೀಪಗಳಲ್ಲಿ ಬಹುಪಾಲು ಗೋಡೆಯಿಂದ ಎಳೆಯುವುದು ನೂರು ವ್ಯಾಟ್ ಸುತ್ತಮುತ್ತ. ಪ್ಲಗ್ಗಿಗೆ ಸಿಕ್ಕಿಸುವ ವ್ಯಾಟ್ ಮೀಟರ್ ಹಾಕಿ ನೋಡಿ. ಕೇಳಬೇಕಾದ ಕಾಗದ ಎಲ್‌ಎಂ-79 ಪರೀಕ್ಷಾ ವರದಿ. ಅದರಲ್ಲಿ ಡ್ರೈವರ್ (ಎಲ್‌ಇಡಿಗೆ ಬೇಕಾದಂತೆ ಕರೆಂಟ್ ಒದಗಿಸುವ ಪೆಟ್ಟಿಗೆ) ಸಮೇತ ಇಡೀ ದೀಪದ ಮೈಕ್ರೋಮೋಲ್ ಪ್ರತಿ ಜೌಲ್ ಅಂಕಿ ಇರಬೇಕು. ಬರೀ ಚಿಪ್ಪಿನ ಅಂಕಿ ತೋರಿಸಿದರೆ ಅದರಲ್ಲಿ ಶೇ. 10–15 ಕಳೆಯಿರಿ. ಅಮೆರಿಕದ ಡಿಸೈನ್‌ಲೈಟ್ಸ್ ಕನ್ಸಾರ್ಟಿಯಂ ಎಂಬ ಸಂಸ್ಥೆ ದಕ್ಷ ದೀಪಗಳ ತನ್ನ ಯಾದಿಗೆ ಸೇರಿಸಲು 2023ರಲ್ಲಿ ಜಾರಿಗೆ ಬಂದ ನಿಯಮದಲ್ಲಿ ಜೌಲಿಗೆ 2.3 ಮೈಕ್ರೋಮೋಲ್ ಕನಿಷ್ಠ ಎಂದಿಟ್ಟಿತ್ತು, ನೀವೂ ಅದಕ್ಕಿಂತ ಕೆಳಗೆ ಇಳಿಯಬೇಡಿ. ಮೇಲಿನ ಮಿತಿಯನ್ನೂ ತಿಳಿದಿರಿ: 660 ನ್ಯಾನೋಮೀಟರ್ ಕೆಂಪು ಬೆಳಕನ್ನು ಒಂದಿಷ್ಟೂ ನಷ್ಟವಿಲ್ಲದೆ ಮಾಡಿದರೂ ಜೌಲಿಗೆ 5.5 ಮೀರದು, 450ರ ನೀಲಿಗೆ 3.8 ಮೀರದು. ನೀಲಿ ಚಿಪ್ಪಿನ ಮೇಲೆ ಫಾಸ್ಫರ್ (ಬೆಳಕಿನ ಬಣ್ಣ ಬದಲಿಸುವ ಪುಡಿ) ಬಳಿದು ಮಾಡುವ ಬಿಳಿ ಎಲ್‌ಇಡಿಗೆ ಯಾರಾದರೂ 4 ಎಂದರೆ ಮುಂದಿನ ಅಂಗಡಿಗೆ ಹೋಗಿ.

ನೇರಳೆ ಬಣ್ಣದ ದೀಪ ಬೇಡ. ಗಿಡ ಹಸಿರು ಬೆಳಕನ್ನೂ ಬಳಸುತ್ತದೆ, ಅದು ಎಲೆಯ ಒಳಪದರದವರೆಗೂ ಇಳಿಯುತ್ತದೆ. ನೇರಳೆಯಡಿ ಎಲೆಯ ಹಳದಿ, ಬೂಷ್ಟು, ಹೇನು ಯಾವುದೂ ಕಣ್ಣಿಗೆ ಬೀಳುವುದಿಲ್ಲ. ರೋಗ ಗೊತ್ತಾಗುವ ಹೊತ್ತಿಗೆ ಇಡೀ ಅಂತಸ್ತು ಹೋಗಿರುತ್ತದೆ.

ಮೈಕ್ರೋಗ್ರೀನ್ಸ್ ಅಂತಸ್ತುಗಳಿಗೆ ಗ್ರೋ ಲೈಟೇ ಬೇಕಿಲ್ಲ. ವ್ಯಾಟಿಗೆ 100–120 ಲ್ಯೂಮೆನ್ ಕೊಡುವ ಮಾಮೂಲಿ 20 ವ್ಯಾಟ್ ಎಲ್‌ಇಡಿ ಬ್ಯಾಟನ್ (ಟ್ಯೂಬಿನಾಕಾರದ ದೀಪ) ಜೌಲಿಗೆ 1.4ರಿಂದ 1.7 ಮೈಕ್ರೋಮೋಲ್ ಕೊಡುತ್ತದೆ. ಅಂತಸ್ತಿಗೆ ಮೂರು ಹಾಕಿ, ಯಾವ ಎಲೆಕ್ಟ್ರಿಕಲ್ ಅಂಗಡಿಯಲ್ಲೂ ಸಿಗುತ್ತವೆ, ಕೆಟ್ಟರೆ ಅರ್ಧ ಗಂಟೆಯಲ್ಲಿ ಬದಲಿಸಬಹುದು.

ಜೋಡಿಸುವ ಕ್ರಮ ಹೀಗೆ. ಎರಡಡಿ ಅಗಲದ ತಟ್ಟೆಗೆ ಎರಡು ಪಟ್ಟಿ, ಅಂಚಿನಿಂದ 15 ಸೆಂಮೀ ಒಳಗೆ ಒಂದೊಂದು, ಅವುಗಳ ನಡುವೆ 30 ಸೆಂಮೀ. ಗಿಡದ ತುದಿಯಿಂದ 25 ಸೆಂಮೀ ಎತ್ತರ. ಒಂದೇ ಪಟ್ಟಿಯನ್ನು ನಟ್ಟನಡುವೆ ಹಾಕಿದರೆ ಮಧ್ಯದ ಗಿಡ ಸುಟ್ಟು ಅಂಚಿನದು ಸೊರಗುತ್ತದೆ. ರ‍್ಯಾಕಿನ ಮೂರು ಬದಿಗೆ ಬಿಳಿ ಸನ್‌ಪ್ಯಾಕ್ ಶೀಟ್ ಕಟ್ಟಿ, ಹೊರಗೆ ಚೆಲ್ಲುವ ಬೆಳಕು ಒಳಗೇ ತಿರುಗುತ್ತದೆ. ಫ್ಲೆಕ್ಸ್ ಬೋರ್ಡ್ ಅಂಗಡಿಯಲ್ಲಿ ಸಿಗುವ ಈ ಶೀಟಿಗಿಂತ ಅಗ್ಗದ ಉಳಿತಾಯ ಬೇರೆ ಇಲ್ಲ. ಆಮೇಲೆ ಗಿಡದ ಎತ್ತರದಲ್ಲಿ ಒಂಬತ್ತು ಜಾಗದಲ್ಲಿ ಅಳೆಯಿರಿ. ಸಾಧಾರಣ ಲಕ್ಸ್ ಮೀಟರ್ ಸಾಕು: ಬಿಳಿ ಎಲ್‌ಇಡಿಯಲ್ಲಿ ಲಕ್ಸ್ ಅಂಕಿಯನ್ನು 68ರಿಂದ, ಟ್ಯೂಬಿನಲ್ಲಿ 74ರಿಂದ ಭಾಗಿಸಿದರೆ ಮೈಕ್ರೋಮೋಲ್ ಅಂದಾಜು ಸಿಗುತ್ತದೆ. 13,500 ಲಕ್ಸ್ ಬಂದರೆ 200 ಆಯಿತು. ಕೆಂಪು ಹೆಚ್ಚು ಬೆರೆತ ಪಟ್ಟಿಯಾದರೆ ಲಕ್ಸ್ ಮೀಟರ್ ನಿಜಕ್ಕಿಂತ ಕಡಿಮೆ ತೋರಿಸುತ್ತದೆ, ಅದನ್ನು ನೋಡಿ ಬೆಳಕು ಹೆಚ್ಚಿಸಲು ಹೋಗಬೇಡಿ. ಒಂಬತ್ತರಲ್ಲಿ ಅತಿ ಕಡಿಮೆ ಅಂಕಿ ಸರಾಸರಿಯ ಶೇ. 70ಕ್ಕಿಂತ ಕೆಳಗಿದ್ದರೆ ಪಟ್ಟಿಯ ಜಾಗ ಸರಿಪಡಿಸಿ.

ಡ್ರೈವರನ್ನು ಕೋಣೆಯ ಹೊರಗೆ, ಗಾಳಿಯಾಡುವ ಗೋಡೆಯ ಮೇಲೆ ಕೂರಿಸಿ. ಎಳೆದ ಕರೆಂಟಿನಲ್ಲಿ ಶೇ. 7–10 ಅಲ್ಲೇ ಶಾಖವಾಗುತ್ತದೆ, ಅದು ಎಸಿಯ ತಲೆಗೆ ಬರದಿರಲಿ. ಎಲ್‌ಇಡಿ ಚಿಪ್ಪಿಗಿಂತ ಮೊದಲು ಸಾಯುವುದು ಡ್ರೈವರ್. ತೇವ, ಶಾಖ ಮತ್ತು ಮಳೆಗಾಲದಲ್ಲಿ ಲೈನಿನಲ್ಲಿ ಬರುವ ವೋಲ್ಟೇಜ್ ಏರಿಳಿತದಿಂದ ಒಳಗಿನ ಕೆಪಾಸಿಟರ್ ಹೋಗುತ್ತದೆ. ಪವರ್ ಫ್ಯಾಕ್ಟರ್ 0.9 ಮೇಲಿರುವ, ಬಿಡಿಯಾಗಿ ಬದಲಿಸಲು ಬರುವ ಡ್ರೈವರನ್ನೇ ಕೇಳಿ ತೆಗೆದುಕೊಳ್ಳಿ, ಬೋರ್ಡಿನಲ್ಲಿ ಸರ್ಜ್ ಪ್ರೊಟೆಕ್ಟರ್ ಹಾಕಿಸಿ. ಪಟ್ಟಿಗೇ ಬೆಸೆದು ಮುಚ್ಚಿದ ಡ್ರೈವರಾದರೆ ₹2ರ ಬಿಡಿಭಾಗ ಹೋಗಿದ್ದಕ್ಕೆ ಇಡೀ ಅಲ್ಯೂಮಿನಿಯಂ ಪಟ್ಟಿ ಕಸವಾಗುತ್ತದೆ. "ಪರಿಸರಸ್ನೇಹಿ" ಎಂಬ ಚೀಟಿ ಅಂಟಿಸಿಕೊಂಡು ಬರುವ ಎಷ್ಟೋ ದೀಪಗಳ ಕಥೆ ಇದು. ಒಳ್ಳೆಯ ಪಟ್ಟಿಗೆ 36,000 ಗಂಟೆಯಾದರೂ ಶೇ. 90 ಬೆಳಕು ಉಳಿದಿರಬೇಕು. ದಿನಕ್ಕೆ 16 ಗಂಟೆಯಂತೆ ಅದು ಆರು ವರ್ಷ.

ಕೋಣೆಯಲ್ಲಿ ನೀರಿರುವುದರಿಂದ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಸಂಪರ್ಕ ಕಡಿಯುವ ಸ್ವಿಚ್) ಮತ್ತು ಸರಿಯಾದ ಅರ್ಥಿಂಗ್ ಕಡ್ಡಾಯ. ಎಲ್ಲ ಡ್ರೈವರುಗಳೂ ಒಂದೇ ಕ್ಷಣ ಚಾಲೂ ಆದರೆ ಆರಂಭದ ಎಳೆತಕ್ಕೆ ಎಂಸಿಬಿ ಬೀಳುತ್ತದೆ. ಇಂಥ ಕ್ಷಣದ ಎಳೆತ ತಾಳುವ ಸಿ-ಕರ್ವ್ ಎಂಸಿಬಿ ಹಾಕಿಸಿ, ರ‍್ಯಾಕಿಗೊಂದು ಟೈಮರ್ ಕೊಟ್ಟು ಎರಡೆರಡು ನಿಮಿಷ ಬಿಟ್ಟು ಹೊತ್ತಿಸಿ. ಅಗ್ಗದ ಟೈಮರಿನ ರಿಲೇ (ಒಳಗಿನ ಸಣ್ಣ ಸ್ವಿಚ್) ಇದೇ ಎಳೆತಕ್ಕೆ ಅಂಟಿಕೊಂಡು ದೀಪ ಆರುವುದೇ ನಿಂತುಹೋಗುತ್ತದೆ. ಟೈಮರ್ ಕಾಂಟ್ಯಾಕ್ಟರನ್ನು (ಹೆಚ್ಚು ಕರೆಂಟ್ ತಾಳುವ ದೊಡ್ಡ ಸ್ವಿಚ್) ನಡೆಸಲಿ, ಕಾಂಟ್ಯಾಕ್ಟರ್ ದೀಪವನ್ನು ನಡೆಸಲಿ.

ಬದಲಿಸಿದ ಮೊದಲ ತಿಂಗಳು ಗಿಡದಲ್ಲಿ ಎರಡು ತೊಂದರೆ ಕಾಣಿಸುತ್ತದೆ. ಒಂದು, ಲೆಟಿಸ್‌ನ ಒಳಎಲೆಗಳ ಅಂಚು ಕಂದಾಗಿ ಒಣಗುವುದು. ಬೆಳಕು ಹೆಚ್ಚಿ ಬೆಳವಣಿಗೆ ಚುರುಕಾದಾಗ ಗಾಳಿಯಾಡದ ಒಳಎಲೆಗೆ ಕ್ಯಾಲ್ಸಿಯಂ ತಲುಪುವುದಿಲ್ಲ. ದ್ರಾವಣಕ್ಕೆ ಕ್ಯಾಲ್ಸಿಯಂ ಸುರಿದರೆ ಪ್ರಯೋಜನ ಕಡಿಮೆ, ಎಲೆ ಮೆಲ್ಲಗೆ ಅಲುಗುವಷ್ಟು ಗಾಳಿ ಬರುವಂತೆ ಪ್ರತಿ ಅಂತಸ್ತಿಗೂ ಸಣ್ಣ ಫ್ಯಾನ್ ಇಡಿ. ಡಿಮ್ಮರ್ ಇದ್ದರೆ ಶೇ. 60ರಿಂದ ಶುರು ಮಾಡಿ ಮೂರು ದಿನಕ್ಕೊಮ್ಮೆ ಶೇ. 10 ಏರಿಸಿ. ಎರಡನೆಯದು ತೇವ. ಶಾಖ ತಗ್ಗಿದ್ದರಿಂದ ಎಸಿ ಕಡಿಮೆ ಹೊತ್ತು ಓಡುತ್ತದೆ, ಹಾಗಾಗಿ ಗಾಳಿಯ ತೇವವನ್ನೂ ಕಡಿಮೆ ಹೀರುತ್ತದೆ. ಎಲೆಯೂ ಮೊದಲಿಗಿಂತ ತಂಪಾಗಿದ್ದು ನೀರು ನಿಧಾನವಾಗಿ ಎಳೆಯುತ್ತದೆ. ಹಳೆಯ ಲೆಕ್ಕದಲ್ಲೇ ನೀರು ಕೊಟ್ಟರೆ ಕೊಕೊಪೀಟ್ ಸದಾ ಒದ್ದೆಯಾಗಿ ಪಾಚಿ ಕಟ್ಟಿ, ಸಣ್ಣ ಕಪ್ಪು ನೊಣ ಬರುತ್ತದೆ. ಎಸಿಯನ್ನು ಒಂದೆರಡು ಡಿಗ್ರಿ ಮೇಲಕ್ಕೆ ಇಡಬಹುದು, ತೇವ ಶೇ. 70 ದಾಟದಂತೆ ನೋಡಿಕೊಳ್ಳಿ.

ದೀಪ ಯಾವ ಹೊತ್ತು ಉರಿಯಬೇಕು ಎಂಬುದೂ ಹೊಗೆಯ ಲೆಕ್ಕಕ್ಕೆ ಸೇರುತ್ತದೆ. ಸಂಜೆ 6ರಿಂದ 10 ಗ್ರಿಡ್ ಮೇಲೆ ಭಾರ ಹೆಚ್ಚು, ಸೋಲಾರ್ ಮಲಗಿರುತ್ತದೆ. ಬೆಳಗ್ಗೆ 10ರಿಂದ ಸಂಜೆ 4ರವರೆಗೆ ಸೋಲಾರ್ ಧಾರಾಳ. ನಸುಕಿನಲ್ಲಿ ಬೆಂಗಳೂರು ತಣ್ಣಗಿರುವುದರಿಂದ ಎಸಿ ಕೆಲಸವೂ ಕಡಿಮೆ. ಹಾಗಾಗಿ ರಾತ್ರಿ 2ರಿಂದ ಸಂಜೆ 6ರವರೆಗೆ ಬೆಳಕು, ಉಳಿದ ಎಂಟು ಗಂಟೆ ಕತ್ತಲು ಇರಲಿ. ಲೆಟಿಸ್‌ಗೂ ಬೇಸಿಲ್‌ಗೂ ಗಡಿಯಾರ ಗೊತ್ತಿಲ್ಲ. ಕೊತ್ತಂಬರಿ, ಸಬ್ಬಸಿಗೆ ಬೆಳೆಯುವ ಯೋಚನೆಯಿದ್ದರೆ ಮಾತ್ರ ಅವನ್ನು ಈ 16 ಗಂಟೆಯ ಬೆಳಕಿನಲ್ಲಿ ಇಡಬೇಡಿ, ಉದ್ದ ಹಗಲಿಗೆ ಬೇಗ ಹೂವಿಗೆ ಹೋಗುತ್ತವೆ.

ಇನ್ನು ಆ "ಒಂಚೂರೂ ಹೊರೆಯಿಲ್ಲ" ಎಂಬ ಮಾತು. ಎಲ್‌ಇಡಿಯಡಿ ಏಳು ಅಂತಸ್ತಿಗೆ ದಿನಕ್ಕೆ 7.5 ಯೂನಿಟ್. ನಾಟಿಯಾದ ಮೇಲೆ 28 ದಿನಕ್ಕೆ 210 ಯೂನಿಟ್. ಚದರ ಮೀಟರಿಗೆ 25 ಗಿಡ, ಗಿಡಕ್ಕೆ 150 ಗ್ರಾಂ ಎಂದರೆ ಸಿಗುವುದು 19–20 ಕೆಜಿ ಸೊಪ್ಪು. ಒಂದು ಕೆಜಿಗೆ ಸುಮಾರು 11 ಯೂನಿಟ್, ಏಳೂವರೆ ಕೆಜಿ ಇಂಗಾಲದ ಡೈಆಕ್ಸೈಡ್, ಎಸಿ ಬಿಟ್ಟು. ಹಳೆಯ ಟ್ಯೂಬಿನಡಿ ಕೊಯ್ಲಿಗೆ 35 ದಿನ ಹಿಡಿದರೆ ಇದು 27 ಕೆಜಿ ಆಗುತ್ತಿತ್ತು, ಆ ಮಟ್ಟಿಗೆ ಎಲ್‌ಇಡಿಯ ಲಾಭ ದೊಡ್ಡದೇ. ಆದರೆ ಊಟಿ ಕಡೆಯಿಂದ ಬರುವ ಲೆಟಿಸ್ ನೋಡಿ. ಮೂರು ಟನ್ ಹೊತ್ತ ಗಾಡಿ 270 ಕಿ.ಮೀ. ಬಂದು ಖಾಲಿ ಹಿಂದಿರುಗಿದರೂ, ಲೀಟರಿಗೆ 6 ಕಿ.ಮೀ. ಲೆಕ್ಕದಲ್ಲಿ 90 ಲೀಟರ್ ಡೀಸೆಲ್, 243 ಕೆಜಿ ಇಂಗಾಲದ ಡೈಆಕ್ಸೈಡ್. ಸೊಪ್ಪಿನ ಕೆಜಿಗೆ 80 ಗ್ರಾಂ. ಹಾಳಾಗುವುದು, ತಂಪು ಗಾಡಿ ಎಲ್ಲ ಸೇರಿಸಿ ಅದನ್ನು ಐದು ಪಟ್ಟು ಮಾಡಿದರೂ ಅರ್ಧ ಕೆಜಿ ಮುಟ್ಟದು. "ಊರಲ್ಲೇ ಬೆಳೆದದ್ದು, ಸಾಗಣೆಯ ಹೊಗೆಯಿಲ್ಲ" ಎಂದು ಪ್ಯಾಕೆಟ್ ಮೇಲೆ ಬರೆಯುವ ಮುನ್ನ ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ.

ತಾರಸಿ ಸೋಲಾರ್ ಈ ಲೆಕ್ಕವನ್ನು ಇನ್ನೂ ವಿಚಿತ್ರ ಮಾಡುತ್ತದೆ. ನಮ್ಮಲ್ಲಿ ಒಂದು ಕಿಲೋವ್ಯಾಟ್ ಫಲಕ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ. ಹನ್ನೆರಡು ಅಂತಸ್ತಿನ 12.9 ಯೂನಿಟ್‌ಗೆ 3.2 ಕಿಲೋವ್ಯಾಟ್ ಬೇಕು. ನೆರಳು ಬೀಳದಂತೆ, ಓಡಾಡುವಂತೆ ಅಂತರ ಬಿಟ್ಟರೆ ಸುಮಾರು 30 ಚದರ ಮೀಟರ್ ತಾರಸಿ. ಅದರಿಂದ ಬೆಳಗುವುದು ಕೆಳಗಿನ 9 ಚದರ ಮೀಟರ್ ಸೊಪ್ಪು. ಬಿಸಿಲನ್ನು ಫಲಕದಲ್ಲಿ ಐದನೇ ಒಂದು ಪಾಲಿಗೆ ಇಳಿಸಿ, ದೀಪದಲ್ಲಿ ಮತ್ತೆ ಅರ್ಧ ಮಾಡಿ, ಗಿಡಕ್ಕೆ ಕೊಡುವ ಬದಲು ಗಿಡವನ್ನೇ ತಾರಸಿಗೆ ಕರೆದೊಯ್ದರೆ? ಬೆಂಗಳೂರಿನ ಬಯಲಿಗೆ ದಿನಕ್ಕೆ ಸರಾಸರಿ 40 ಮೋಲ್ ಬೆಳಕು ಬೀಳುತ್ತದೆ. ಶೇ. 50ರ ನೆರಳು ಪರದೆ ಕಟ್ಟಿದರೂ 20 ಉಳಿಯುತ್ತದೆ, ಲೆಟಿಸ್‌ಗೆ ಬೇಕಾದದ್ದಕ್ಕಿಂತ ಹೆಚ್ಚು.

ದೀಪದ ಸರಿಯಾದ ಬಳಕೆ ನೋಡಬೇಕೆಂದರೆ ಕೋಲಾರ, ಚಿಕ್ಕಬಳ್ಳಾಪುರ ಕಡೆ ಸೇವಂತಿಗೆ ಹೊಲಗಳ ಮೇಲೆ ರಾತ್ರಿ ಉರಿಯುವ ಬಲ್ಬಿನ ಸಾಲು ನೋಡಿ. ಅಲ್ಲಿ ಬೆಳೆಸುವುದು ಬಿಸಿಲೇ. ರಾತ್ರಿ ಉದ್ದವಾದರೆ ಗಿಡ ಹೂವಿಗೆ ತಿರುಗುತ್ತದೆ, ಅದನ್ನು ಬೇಕಾದ ದಿನದವರೆಗೆ ತಡೆಯಲು ಮಾತ್ರ ಬಲ್ಬು. ಅದಕ್ಕೆ ಕೆಲವೇ ಮೈಕ್ರೋಮೋಲ್ ಸಾಕು, ಬೆಳಕಿನಲ್ಲಿ ಕೆಂಪಿನ ಅಂಶವಿದ್ದರಾಯಿತು. 60–100 ವ್ಯಾಟಿನ ಹಳೆಯ ಬಲ್ಬಿನ ಜಾಗಕ್ಕೆ 9–12 ವ್ಯಾಟ್ ಎಲ್‌ಇಡಿ ಬಂದಲ್ಲಿ ಶೇ. 80ಕ್ಕೂ ಮೀರಿದ ಉಳಿತಾಯ ನಿಜಕ್ಕೂ ಆಗುತ್ತದೆ.

ನಿಮ್ಮ ಕೋಣೆಗೆ ಹೀಗೆ ಮಾಡಿ. ಲೆಟಿಸ್–ಬೇಸಿಲ್‌ನ ಏಳು ಅಂತಸ್ತನ್ನು ತಾರಸಿಗೆ ಒಯ್ಯಿರಿ. ಮೇಲೆ 200 ಮೈಕ್ರಾನ್ ಯುವಿ ಪಾಲಿಥೀನ್, ಅದರಡಿ ಬೇಕಾದಾಗ ಎಳೆಯುವಂಥ ಶೇ. 50 ನೆರಳು ಪರದೆ. ತೊಟ್ಟಿಗೆ ಬಿಳಿ ಬಣ್ಣ ಹೊಡೆದು ನೆರಳಿನಲ್ಲಿಡಿ. ದ್ರಾವಣ 26 ಡಿಗ್ರಿ ದಾಟಿದರೆ ಬೇರು ಕೊಳೆಯಲು ಶುರುವಾಗುತ್ತದೆ. ಮಾರ್ಚ್‌ನಿಂದ ಮೇವರೆಗೆ ಬಿಸಿಗೆ ಲೆಟಿಸ್ ಕಹಿಯಾಗಿ ದಂಟು ಬಿಡುವುದರಿಂದ ಆ ಮೂರು ತಿಂಗಳು ಬೇಸಿಲ್ ಮಾತ್ರ ಮೇಲಿರಲಿ, ಹೋಟೆಲಿನವರು ಲೆಟಿಸ್ ಕೇಳಿದಷ್ಟಕ್ಕೆ ಎರಡು ಮೂರು ಅಂತಸ್ತಿಗೆ ಒಳ್ಳೆಯ ಪಟ್ಟಿ ಹಾಕಿಸಿಟ್ಟುಕೊಳ್ಳಿ. ಒಳಗೆ ಉಳಿಯುವುದು ಮೈಕ್ರೋಗ್ರೀನ್ಸ್ ಮತ್ತು ಸಸಿಯ ಐದು ಅಂತಸ್ತು. ಒಂದೊಂದಕ್ಕೆ 60 ವ್ಯಾಟ್ ಬ್ಯಾಟನ್, 14 ಗಂಟೆ: ದಿನಕ್ಕೆ 4.2 ಯೂನಿಟ್, ತಿಂಗಳಿಗೆ 126. ಬೇಸಿಗೆಯ ಆ ಎರಡು ಮೂರು ಅಂತಸ್ತು ಬಿಟ್ಟು, ಈಗಿನ 1,080ಕ್ಕೆ ಹೋಲಿಸಿದರೆ ಶೇ. 88 ಕಡಿಮೆ, ಮಾರುವವರು ಹೇಳಿದ್ದಕ್ಕಿಂತ ಹೆಚ್ಚು.

ಕೊನೆಗೆ ತೆಗೆದ 48 ಟ್ಯೂಬು. ಒಂದೊಂದರಲ್ಲೂ ಕೆಲವು ಮಿಲಿಗ್ರಾಂ ಪಾದರಸವಿದೆ. ಪಾದರಸದ ಬಳಕೆ ತಗ್ಗಿಸುವ ಅಂತರರಾಷ್ಟ್ರೀಯ ಮಿನಮಾಟ ಒಪ್ಪಂದದ ಪ್ರಕಾರ 2027ರ ಹೊತ್ತಿಗೆ ಇವುಗಳ ತಯಾರಿಕೆಯೇ ನಿಲ್ಲಬೇಕಿದೆ. ಇ-ತ್ಯಾಜ್ಯ ನಿಯಮಗಳಡಿ ಇವು ಬರುವುದರಿಂದ ಬಿಬಿಎಂಪಿ ಕಾಲದಿಂದಲೂ ಮನೆಬಾಗಿಲಿಗೆ ಬರುವ ಕಸದ ಗಾಡಿಗೆ ಹಾಕಬೇಡಿ, ಗುಜರಿಯವರಿಗೂ ಬೇಡ. ಅವರು ತುದಿಯ ಲೋಹಕ್ಕಾಗಿ ಒಡೆಯುತ್ತಾರೆ. ಹೊಸ ಟ್ಯೂಬಿನ ರಟ್ಟಿನ ಕವರಿನಲ್ಲೇ ತುಂಬಿಸಿ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವ ಇ-ತ್ಯಾಜ್ಯ ಸಂಗ್ರಹಕಾರರಿಗೆ ಒಟ್ಟಿಗೆ ಕೊಡಿ, ಹಳೆಯ ಚೋಕುಗಳನ್ನೂ ಜೊತೆಗೆ ಕಳಿಸಿ. ಇಳಿಸುವಾಗ ಒಂದು ಒಡೆದರೆ ಎಸಿ ಆರಿಸಿ, ಕಿಟಕಿ ತೆರೆದು ಕಾಲು ಗಂಟೆ ಹೊರಗಿರಿ. ಪೊರಕೆ, ವ್ಯಾಕ್ಯೂಮ್ ಎರಡೂ ಬೇಡ, ಪುಡಿ ಗಾಳಿಗೆ ಏಳುತ್ತದೆ. ಗಟ್ಟಿ ಕಾಗದದಿಂದ ಚೂರುಗಳನ್ನು ಬಾಚಿ, ಒದ್ದೆ ಬಟ್ಟೆಯಿಂದ ಒರೆಸಿ, ಎಲ್ಲವನ್ನೂ ಮುಚ್ಚಳವಿರುವ ಗಾಜಿನ ಜಾಡಿಗೆ ಹಾಕಿ ಅದನ್ನೂ ಅದೇ ಸಂಗ್ರಹಕಾರರಿಗೆ ಕೊಡಿ. ಆ ಅಂತಸ್ತಿನ ಕೆಳಗಿದ್ದ ತಟ್ಟೆಗಳ ಸೊಪ್ಪನ್ನು ಮಾರಬೇಡಿ.